ಅಹಮದಾಬಾದಿನ ಲೋಡಿಗೆ ಮುಂಚೆ ನಾನು ಹೋಗುವ ಜೆರಾಕ್ಸ್ ಅಂಗಡಿ

ದಾವಣಗೆರೆ ಪಿ.ಬಿ. ರಸ್ತೆಯ ಈ ಅಂಗಡಿಗೆ ಹೆಸರಿನ ಬೋರ್ಡಿಲ್ಲ. ‘ಜೆರಾಕ್ಸ್, ಲ್ಯಾಮಿನೇಷನ್’ ಅಂತಷ್ಟೇ ಬರೆದಿದೆ. ಲಾರಿಯವರು ಇಲ್ಲಿಗೆ ಬರೋದು ಟ್ರಿಪ್ಪಿನ ಕಾಗದ ಮಾಡಿಸೋಕೆ. ನಮ್ಮದು ಒಂದೇ ಲಾರಿ, 2019ರ ಹತ್ತು ಚಕ್ರದ್ದು. ಮಂಡಿನೋವು ಅಂತ ಯಜಮಾನರು ಸ್ಟೇರಿಂಗ್ ಬಿಟ್ಟ ಮೇಲೆ ಬಾಡಿಗೆ ಮಾತಾಡೋದು, ಕಾಗದ, ಲೆಕ್ಕ ಎಲ್ಲ ನನ್ನ ಪಾಲಿಗೆ ಬಂತು. ಎರಡು ವರ್ಷದಲ್ಲಿ ಹದಿನಾಲ್ಕು ಟ್ರಿಪ್ಪಿಗೆ ಇಲ್ಲೇ ಚೀಟಿ ಮಾಡಿಸಿದ್ದೀನಿ.

ಅದಕ್ಕೂ ಮುಂಚೆ ಬೇರೊಬ್ಬ ಏಜೆಂಟರ ಹತ್ತಿರ ಹೋಗ್ತಿದ್ದೆ. ‘ಎಲ್ಲಾ ಸರಿ ಇದೆ, ಲಾರಿ ಬಿಡಿ’ ಅಂದ್ರು. ನ್ಯಾಷನಲ್ ಪರ್ಮಿಟ್, ಅಂದರೆ ಬೇರೆ ರಾಜ್ಯಕ್ಕೆ ಮಾಲು ಒಯ್ಯೋ ಅನುಮತಿ, ಐದು ವರ್ಷದ್ದಾದರೂ ಅದರ ಆಥರೈಸೇಷನ್ನಿಗೆ ವರ್ಷ ವರ್ಷ 16,500 ರೂಪಾಯಿ ಕಟ್ಟಬೇಕು. ನಮ್ಮದು ಮುಗಿದು ಒಂಬತ್ತು ದಿನ ಆಗಿತ್ತು. ಗಡಿ ದಾಟುತ್ತಿದ್ದ ಹಾಗೇ ಹಿಡಿದರು. 10,000 ದಂಡ, ಒಂದೂವರೆ ದಿನ ಲಾರಿ ನಿಂತಿತು. ಆ ಟ್ರಿಪ್ಪಿನಲ್ಲಿ ಉಳಿದದ್ದು ಏನೂ ಇಲ್ಲ.

ಈ ಅಂಗಡಿಯ ಅಣ್ಣಾರು ಮೊದಲ ದಿನ ಕೇಳಿದ್ದು ಕಾಗದವನ್ನಲ್ಲ. ‘ಅಕ್ಕಾರೆ, ಡ್ರೈವರ್ ಒಬ್ಬರೋ ಇಬ್ಬರೋ?’ ಅಂದ್ರು. ಒಬ್ಬನೇ ಅಂದೆ. ಆಮೇಲೆ ಎ-4 ಹಾಳೆಯೊಂದನ್ನ ತಗೊಂಡು ಸ್ಕೇಲ್ ಇಟ್ಟು ಗೆರೆ ಎಳೆದರು. ಎಡಗಡೆ ಎಫ್‌ಸಿ (ಲಾರಿ ಓಡೋಕೆ ಯೋಗ್ಯ ಅನ್ನೋ ಸರ್ಟಿಫಿಕೇಟ್), ಇನ್ಶೂರೆನ್ಸ್, ಎಮಿಷನ್, ಪರ್ಮಿಟ್, ಡಿಎಲ್ ಯಾವ್ಯಾವುದು ಯಾವತ್ತು ಮುಗಿಯುತ್ತೆ ಅಂತ. ಹೋಗೋ ದಿನಕ್ಕಲ್ಲ, ಲಾರಿ ವಾಪಸ್ ಬರೋ ದಿನಕ್ಕೆ ಜೀವ ಇದೆಯಾ ಅಂತ ನೋಡ್ತಾರೆ. ನಾನು ಇದನ್ನ ಯಾವತ್ತೂ ಯೋಚಿಸಿರಲಿಲ್ಲ.

ಬಲಗಡೆ ದಾರಿ. ಚನ್ನಗಿರಿಯಲ್ಲಿ ಅಡಿಕೆ ತುಂಬಿಕೊಂಡು ಹುಬ್ಬಳ್ಳಿ, ಬೆಳಗಾವಿ, ಕೊಲ್ಲಾಪುರ, ಪುಣೆ, ಸೂರತ್ ಮೇಲೆ ಅಹಮದಾಬಾದಿಗೆ ಸುಮಾರು 1,300 ಕಿ.ಮೀ. ಪಾರ್ಟಿ, ಅಂದರೆ ಮಾಲಿನವರು, ಎರಡೂವರೆ ದಿನದಲ್ಲಿ ಮಾಲು ಬೇಕು ಅಂತ ಕೂತಿದ್ದರು. ಅಣ್ಣಾರು ಬರೆದದ್ದು ನಾಲ್ಕು ದಿನ. ನಾನು ತಕರಾರು ಮಾಡಿದೆ. ಅವರು ಎರಡು ಲೆಕ್ಕ ತೋರಿಸಿದರು. ಮೋಟಾರು ವಾಹನ ಕಾಯ್ದೆಯ 91ನೇ ಕಲಮಿನ ಪ್ರಕಾರ ಡ್ರೈವರಿಗೆ ದಿನಕ್ಕೆ ಎಂಟು ಗಂಟೆ, ದೂರದ ದಾರಿಗೆ ಹೆಚ್ಚೆಂದರೆ ಹತ್ತು, ಐದು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ. ಇನ್ನೊಂದು ಇ-ವೇ ಬಿಲ್ಲು, ಮಾಲಿನ ಜೊತೆ ಇರಬೇಕಾದ ಜಿಎಸ್‌ಟಿ ಚೀಟಿ. 200 ಕಿ.ಮೀ.ಗೆ ಒಂದು ದಿನದಂತೆ ನಮ್ಮ ದಾರಿಗೆ ಏಳು ದಿನ ಸಿಗುತ್ತೆ. ‘ಸರ್ಕಾರವೇ ಏಳು ದಿನ ಕೊಟ್ಟಿರುವಾಗ ಹುಡುಗನ ನಿದ್ದೆ ಯಾಕೆ ಕಿತ್ಕೊಳ್ತೀರಿ ಅಕ್ಕಾರೆ?’ ಅಂದ್ರು. ಎಲ್ಲಿ ಮಲಗಬೇಕು, ಕಂಬಾಟ್ಕಿ ಘಾಟು ಎಷ್ಟೊತ್ತಿಗೆ ಇಳಿಯಬೇಕು, ಥಾಣೆ ಕಡೆ ಭಾರಿ ವಾಹನ ಬಿಡದ ಹೊತ್ತು ಯಾವುದು, ಎಲ್ಲಾ ಅದೇ ಹಾಳೆಯಲ್ಲಿ. ಮನೆಯಲ್ಲಿ ಯಜಮಾನರು ಅದನ್ನ ಎರಡು ಸಲ ಓದಿದರು. ‘ನಾವು ಓಡಿಸುವಾಗ ಹಿಂಗೆ ಯಾರೂ ಬರೆದುಕೊಡಲಿಲ್ಲ ನೋಡು’ ಅಂದರು. ಎರಡು ರಾತ್ರಿ ಕಣ್ಣು ಮುಚ್ಚದೆ ಓಡಿಸಿದವರು ಅವರು.

ತೂಕದ ವಿಷಯದಲ್ಲಿ ಅಣ್ಣಾರು ಬಹಳ ಕಟ್ಟುನಿಟ್ಟು. ನಮ್ಮ ಆರ್‌ಸಿಯಲ್ಲಿ ಲಾರಿ ಸೇರಿ 28.5 ಟನ್. ಪಾರ್ಟಿಯವರು ಇನ್ನೆರಡು ಟನ್ ಹಾಕಿಕೊಳ್ಳಿ ಅಂದಾಗ ಅಣ್ಣಾರು ದಂಡ ಬರೆದು ತೋರಿಸಿದರು: 20,000, ಮೇಲೆ ಟನ್ನಿಗೆ 2,000, ಒಟ್ಟು 24,000. ಹೆಚ್ಚಿನ ಚೀಲ ಇಳಿಸೋ ಖರ್ಚೂ ನಮ್ಮದೇ. ಎರಡು ಟನ್ನಿನ ಬಾಡಿಗೆ ಅದರ ಹತ್ತಿರಕ್ಕೂ ಬರಲ್ಲ. ಲಾರಿ ತೂಗಿಸಿದ ಕಾಟಾ ಚೀಟಿ ಇಲ್ಲದೆ ಟ್ರಿಪ್ ಹಾಳೆ ಕೊಡೋದೇ ಇಲ್ಲ ಅವರು.

ಅಂಗಡಿಯ ಬೆಲೆ ನನಗೆ ತಿಳಿದದ್ದು ಸಾತಾರಾ ಹತ್ತಿರ ಆಕ್ಸಲ್ ಮುರಿದ ಸಂಜೆ. ಮಾಲನ್ನ ಬೇರೆ ಲಾರಿಗೆ ತುಂಬಬೇಕಾಯ್ತು. ಲಾರಿ ಬದಲಾದರೆ ಇ-ವೇ ಬಿಲ್ಲಿನಲ್ಲಿ ಲಾರಿ ವಿವರ ಇರೋ ಪಾರ್ಟ್ ಬಿ-ಯಲ್ಲಿ ಹೊಸ ನಂಬರ್ ಹಾಕಲೇಬೇಕು. ಮಾಲು ಸುಮಾರು 80 ಲಕ್ಷದ್ದು. ಅಡಿಕೆಗೆ ಜಿಎಸ್‌ಟಿ 5 ಪರ್ಸೆಂಟ್ ಅಂದರೆ 4 ಲಕ್ಷ. ಸರಿಯಾದ ಬಿಲ್ಲಿಲ್ಲದೆ ಸಿಕ್ಕರೆ ತೆರಿಗೆಯ ಎರಡು ಪಟ್ಟು, 8 ಲಕ್ಷ ಕಟ್ಟಿಯೇ ಬಿಡಿಸಿಕೊಳ್ಳಬೇಕು. ನನ್ನ ಕೈ ನಡುಗ್ತಿತ್ತು. ಅಣ್ಣಾರು ಫೋನಿನಲ್ಲೇ ನನ್ನ ಟ್ರಾನ್ಸ್‌ಪೋರ್ಟರ್ ಲಾಗಿನ್ ತೆರೆಸಿ, ಹೊಸ ಲಾರಿ ನಂಬರನ್ನ ಒಂದೊಂದೇ ಅಕ್ಷರ ಎರಡು ಸಲ ಓದಿಸಿದರು. ನಂಬರಿನಲ್ಲಿ ಒಂದೆರಡು ಅಂಕಿ ತಪ್ಪಿದರೆ ಸಾವಿರ ರೂಪಾಯಿಯಲ್ಲಿ ಬಿಡಬೇಕು ಅಂತ ಜಿಎಸ್‌ಟಿಯವರ 2018ರ ಸುತ್ತೋಲೆ ಇದೆಯಂತೆ. ಅದನ್ನೂ ಪ್ರಿಂಟ್ ಮಾಡಿ ಡ್ರೈವರ್ ಫೈಲಿಗೆ ಮೊದಲೇ ಸೇರಿಸಿದ್ದರು. ನಮ್ಮದು ತಪ್ಪಲಿಲ್ಲ. ಮಾಲು ಐದನೇ ದಿನ ಇಳಿಯಿತು.

ಕೊರತೆ ಇದೆ. ರಾತ್ರಿ ಒಂಬತ್ತಕ್ಕೆ ಫೋನ್ ಬಂದ್ ಮಾಡ್ತಾರೆ, ಲಾರಿ ಕೆಡೋದೇ ಹೆಚ್ಚಾಗಿ ರಾತ್ರಿ. ಒಬ್ಬ ಹುಡುಗನನ್ನಾದರೂ ಇಟ್ಟುಕೊಳ್ಳಿ ಅಂತ ಮೂರು ಸಲ ಹೇಳಿದ್ದೀನಿ. ಹಾಳೆಯ ಅಕ್ಷರ ಚಿಕ್ಕದು, ನಮ್ಮ ಡ್ರೈವರಿಗೆ ಕ್ಯಾಬಿನ್ ಲೈಟಿನಲ್ಲಿ ಓದೋಕೆ ಆಗಲ್ಲ, ನಾನು ಮನೆಯಲ್ಲಿ ದಪ್ಪ ಪೆನ್ನಿನಲ್ಲಿ ಮತ್ತೆ ಬರೀತೀನಿ. ಮೊಬೈಲಿನ ಡಿಜಿಲಾಕರ್ ಪ್ರತಿ ನಡೆಯುತ್ತೆ ಅಂತ ಗೊತ್ತಿದ್ದರೂ ಜೆರಾಕ್ಸ್ ಮೂರು ಸೆಟ್ ಮಾಡಿಸ್ತಾರೆ. ಘಾಟಿನಲ್ಲಿ ನೆಟ್‌ವರ್ಕ್ ಸಿಗದಿದ್ದಾಗ ಅದೂ ಬೇಕಾಗಿದೆ, ಅದಕ್ಕೆ ನಾನು ಬೇಡ ಅನ್ನಲ್ಲ.

ಟ್ರಿಪ್ಪಿಗೆ 600 ರೂಪಾಯಿ. ಭಾನುವಾರ ರಜೆ. ಹೋಗೋರು ಬೆಳಿಗ್ಗೆ ಹತ್ತರೊಳಗೆ ಹೋಗಿ, ಆಮೇಲೆ ಕಾಲೇಜು ಮಕ್ಕಳ ಸಾಲು ಶುರುವಾಗುತ್ತೆ. ಡ್ರೈವರನ್ನೂ ಕರ್ಕೊಂಡು ಹೋಗಿ. ಹಾಳೆಯನ್ನ ಅಣ್ಣಾರು ಅವನ ಕೈಗೇ ಕೊಟ್ಟು, ಅವನ ಬಾಯಲ್ಲೇ ಓದಿಸ್ತಾರೆ.