ವಾಂತಿಯಾಗುವಾಗ ಶುಗರ್ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ, ಕೀಟೋನ್ ನೋಡಿಸಿ

ಮನೆಯಲ್ಲಿ ಡಯಾಬಿಟಿಸ್ ಇರುವವರ ಮಾತ್ರೆಯ ಪಟ್ಟಿಯನ್ನು ಒಮ್ಮೆ ತಿರುಗಿಸಿ ನೋಡಿ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕೆನಾಗ್ಲಿಫ್ಲೋಜಿನ್ ಅಂತ ಏನಾದರೂ ಇದ್ದರೆ ಇದನ್ನು ಪೂರ್ತಿ ಓದಿ. ಇವನ್ನು ತೆಗೆದುಕೊಳ್ಳುವವರಲ್ಲಿ ಶುಗರ್ ಹೆಚ್ಚು ಏರದೆಯೇ ಕೀಟೋನ್, ಅಂದರೆ ಕೊಬ್ಬು ಕರಗಿದಾಗ ರಕ್ತಕ್ಕೆ ಸೇರುವ ಆಮ್ಲ, ಅಪಾಯದ ಮಟ್ಟಕ್ಕೆ ಹೋಗಬಹುದು. ಬೇರೆ ಮಾತ್ರೆಯ ಜೊತೆ ಸೇರಿಸಿಯೂ ಬರುತ್ತವೆ, ಹಾಗಾಗಿ ಸಣ್ಣ ಅಕ್ಷರಗಳನ್ನೂ ಬಿಡಬೇಡಿ.

ನಮ್ಮ ಅತ್ತೆಗೆ ಇದೇ ಗುಂಪಿನ ಮಾತ್ರೆ. ಮನೆ ಉಡುಪಿಯಲ್ಲಿ, ಪ್ರಥಮೈಕಾದಶಿಯ ಉಪವಾಸ ತಪ್ಪಿಸಿದವರಲ್ಲ. ಈ ಸಲವೂ ಮಠಕ್ಕೆ ಹೋಗಿ ಮುದ್ರೆ ಹಾಕಿಸಿಕೊಂಡು, ಮಳೆಯಲ್ಲಿ ನೆನೆದು ಬಂದರು. ದ್ವಾದಶಿ ಬೆಳಿಗ್ಗೆ ಜ್ವರ. ಪಾರಣೆಯ ಊಟ ಸೇರಲಿಲ್ಲ, ಗಂಜಿ ತಿಳಿ ಕೊಟ್ಟರೆ ಅದೂ ವಾಂತಿ. ಹತ್ತಿರದ ಕ್ಲಿನಿಕ್ಕಿನಲ್ಲಿ ಬೆರಳು ಚುಚ್ಚಿ ನೋಡಿದರು, ಶುಗರ್ 186. "ಶುಗರ್ ಏನೂ ತೊಂದರೆ ಇಲ್ಲ, ಖಾಲಿ ಹೊಟ್ಟೆಗೆ ಗ್ಯಾಸ್ಟ್ರಿಕ್ ಆಗಿದೆ ಅಷ್ಟೆ" ಅಂದರು.

ನಾದಿನಿಯ ಮಗನಿಗೆ ಟೈಪ್ 1 ಡಯಾಬಿಟಿಸ್ (ಮೈಯಲ್ಲಿ ಇನ್ಸುಲಿನ್ ತಯಾರಾಗದ ಬಗೆ) ಇರುವುದರಿಂದ ಕೀಟೋನ್ ವಿಷಯ ನಮಗೆ ಗೊತ್ತಿತ್ತು. ನೋಡಿ ಅಂತ ಕೇಳಿದೆವು. ಸಿಸ್ಟರ್ ಕಿಟಕಿ ಪಕ್ಕದಿಂದ ಮೂತ್ರ ಪರೀಕ್ಷೆಯ ಸ್ಟ್ರಿಪ್ ಡಬ್ಬಿ ತೆಗೆದರು. ಹೊರಗೆ ಜಡಿಮಳೆ, ಡಬ್ಬಿಯ ಮುಚ್ಚಳ ಅರ್ಧ ತೆರೆದೇ ಇತ್ತು. ಸ್ಟ್ರಿಪ್ಪಿನ ತುದಿಯ ಚೌಕ ಅದ್ದುವ ಮೊದಲೇ ಕಂದು ತಿರುಗಿತ್ತು. ಡಬ್ಬಿಯ ಮೇಲಿನ ಯಾವ ಬಣ್ಣಕ್ಕೂ ಅದು ಹೊಂದುತ್ತಿರಲಿಲ್ಲ. ಆದರೂ "ಕೀಟೋನ್ ಇಲ್ಲ" ಎಂದು ಚೀಟಿಯಲ್ಲಿ ಬರೆದು, ವಾಂತಿಗೆ ಇಂಜೆಕ್ಷನ್ ಕೊಟ್ಟು ಕಳಿಸಿದರು. ಆ ಮಾತ್ರೆ ನಿಲ್ಲಿಸಿ ಎಂದು ಒಂದು ಮಾತು ಹೇಳಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಇರುವುದು ಅದಕ್ಕೇ.

ರಾತ್ರಿ ಅತ್ತೆ ಮಲಗಿದಲ್ಲೇ ಗುಡ್ಡ ಹತ್ತಿ ಬಂದವರ ಹಾಗೆ ಉಸಿರೆಳೆಯತೊಡಗಿದರು. ಬಾಯಿಯಿಂದ ಹುಳಿತ ಹಣ್ಣಿನ ವಾಸನೆ. ಶುಗರ್ ಆಗಲೂ 200ರ ಒಳಗೇ. ದೊಡ್ಡ ಆಸ್ಪತ್ರೆಗೆ ಹೋದಾಗ 0.6ರ ಒಳಗಿರಬೇಕಾದ ರಕ್ತದ ಕೀಟೋನ್ 5.4 ಇತ್ತು, ನೇರ ಐಸಿಯುಗೆ ಹಾಕಿದರು. ಇನ್ಸುಲಿನ್, ಶುಗರ್ ಕುಸಿಯದಿರಲು ಅದರ ಜೊತೆಗೇ ಗ್ಲುಕೋಸ್ ಡ್ರಿಪ್, ಪೊಟ್ಯಾಶಿಯಂ, ಗಂಟೆಗಂಟೆಗೆ ಪರೀಕ್ಷೆ. ದೇವರ ದಯೆ, ಉಳಿದುಕೊಂಡರು.

ಈ ಮಾತ್ರೆ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಹಾಗಾಗಿ ಮೀಟರಿನಲ್ಲಿ ಅಂಕಿ ಅಷ್ಟಾಗಿ ಏರದಿರಬಹುದು. ಒಳಗೆ ಮಾತ್ರ ಉಪವಾಸ, ಜ್ವರ, ವಾಂತಿ ಸೇರಿ ಇನ್ಸುಲಿನ್ ಸಾಲದೆ ಕೊಬ್ಬು ಕರಗುತ್ತದೆ, ಲಿವರ್ ಅದರಿಂದ ಕೀಟೋನ್ ಮಾಡುತ್ತಾ ಹೋಗುತ್ತದೆ, ರಕ್ತ ಆಮ್ಲವಾಗುತ್ತದೆ. ಶುಗರ್ 250 ದಾಟದೆಯೂ ಕೀಟೋಅಸಿಡೋಸಿಸ್ ಎಂಬ ಈ ಪ್ರಾಣಾಪಾಯದ ಸ್ಥಿತಿ ಆಗುವುದು ಹೀಗೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲೇ ಇದರ ಬಗ್ಗೆ ಎಚ್ಚರಿಸಿದೆ.

ರಕ್ತದ ಕೀಟೋನ್ (ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ) 0.6ಕ್ಕಿಂತ ಕಡಿಮೆ ಇದ್ದರೆ ಸರಿ. 1.5 ದಾಟಿದರೆ ಕೂಡಲೇ ವೈದ್ಯರಿಗೆ ಫೋನ್ ಮಾಡಿ. 3 ಆದರೆ ಆಸ್ಪತ್ರೆಗೆ ಹೊರಡಿ, ಬೆಳಗಾಗಲಿ ಎಂದು ಕಾಯಬೇಡಿ. ಸಾಧಾರಣ ಗ್ಲುಕೋಮೀಟರ್ ಕೀಟೋನ್ ತೋರಿಸುವುದಿಲ್ಲ, ಅದಕ್ಕೆ ಬೇರೆ ಸ್ಟ್ರಿಪ್, ಅದನ್ನು ಓದುವ ಮೀಟರ್ ಬೇಕು. ಮೂತ್ರದ ಸ್ಟ್ರಿಪ್ ಅಗ್ಗ ನಿಜ. ಆದರೆ ಅದು ಹಿಡಿಯುವುದು ಅಸಿಟೋಅಸಿಟೇಟ್ ಎಂಬ ಒಂದು ಬಗೆಯ ಕೀಟೋನನ್ನು. ಈ ಕಾಯಿಲೆಯಲ್ಲಿ ಜಾಸ್ತಿ ಇರುವ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಎಂಬ ಇನ್ನೊಂದು ಬಗೆ ಅದಕ್ಕೆ ಸಿಗುವುದಿಲ್ಲ. ಮೂತ್ರದಲ್ಲಿ ಕಾಣುವುದೂ ಕೆಲವು ಗಂಟೆ ಹಿಂದಿನ ಸ್ಥಿತಿ. ನಮ್ಮ ಕರಾವಳಿಯ ಮಳೆಗಾಲದಲ್ಲಂತೂ ಡಬ್ಬಿ ತೆರೆದಿಟ್ಟರೆ ಸ್ಟ್ರಿಪ್ ಬೇಗ ಹಾಳು. ತೆರೆದ ದಿನ ಡಬ್ಬಿಯ ಮೇಲೆ ಬರೆದಿಡಿ, ಅದರಲ್ಲಿ ಹೇಳಿದಷ್ಟು ತಿಂಗಳು ಮಾತ್ರ ಬಳಸಿ. ಸ್ಟ್ರಿಪ್ ‘ಇಲ್ಲ’ ಅಂದರೂ ವಾಂತಿ, ಹೊಟ್ಟೆನೋವು, ಏದುಸಿರು ಇದ್ದರೆ ರಕ್ತ ಪರೀಕ್ಷೆಯೇ ಬೇಕೆಂದು ಪಟ್ಟು ಹಿಡಿಯಿರಿ.

ಹೆದರಿ ಇವತ್ತೇ ಮಾತ್ರೆ ಬಿಸಾಡಬೇಡಿ, ಹೃದಯಕ್ಕೂ ಕಿಡ್ನಿಗೂ ಅದು ಒಳ್ಳೆಯದೇ. ಊಟ ಸೇರದೆ ವಾಂತಿಯಾಗುವ ದಿನ ಮಾತ್ರ ಅದನ್ನು ತೆಗೆದುಕೊಳ್ಳದೆ ವೈದ್ಯರನ್ನು ಕೇಳಿ. ಇನ್ಸುಲಿನ್ ಹಾಕಿಕೊಳ್ಳುವವರು "ಊಟ ಮಾಡಿಲ್ಲವಲ್ಲ" ಎಂದು ಅದನ್ನು ಪೂರ್ತಿ ನಿಲ್ಲಿಸಬಾರದು, ಟೈಪ್ 1 ಇರುವವರಂತೂ ಯಾವತ್ತೂ ಇಲ್ಲ. ಆಪರೇಷನ್ ಗೊತ್ತಾಗಿದ್ದರೆ ಈ ಮಾತ್ರೆಯನ್ನು ಸಾಮಾನ್ಯವಾಗಿ 3 ದಿನ ಮೊದಲೇ ನಿಲ್ಲಿಸುತ್ತಾರೆ, ನೀವೇ ನೆನಪಿಸಿ. ಇನ್ನು ಕೃಷ್ಣಾಷ್ಟಮಿಯಂಥ ಉಪವಾಸದ ದಿನಗಳು ಬರುತ್ತವೆ. ನಿರಾಹಾರ ಇರುವ ಹಿರಿಯರು ಮನೆಯಲ್ಲಿದ್ದರೆ ಅದಕ್ಕೆ ಮೊದಲೇ ಒಮ್ಮೆ ಮಾತ್ರೆ ಚೀಟಿ ಹಿಡಿದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.