ಜೀನಿಲ್ಲದ ಸವಾರಿ: ಹಗ್ಗದ ಕಸರತ್ತೋ, ನೋಟಿನ ಆಟವೋ, ಲಿಂಬು-ಚಮಚವೋ?

ಜೀನು ತೆಗೆದು ಕುದುರೆ ಸವಾರಿ ಶುರು ಮಾಡಿದ್ದೇನೆ, ಯಾವ ಆಟ ಆಡಲಿ ಅಂತ ಕೇಳಿದ್ದೀರಿ. ಮೊದಲು ಹೆಲ್ಮೆಟ್ ಹಾಕಿಕೊಳ್ಳಿ, ಆಮೇಲೆ ಮಾತು.

ಸಮತೋಲ ಕಲಿಯೋಕೆ ಉದ್ದ ಹಗ್ಗದ ಕಸರತ್ತು ಒಳ್ಳೆಯದು. ಗೊತ್ತಿರುವವರೊಬ್ಬರು ಹಗ್ಗ ಹಿಡಿದು ನಡುವೆ ನಿಂತು ಕುದುರೆಯನ್ನು ಸುತ್ತ ನಡೆಸುತ್ತಾರೆ, ನಿಮಗೆ ಲಗಾಮಿನ ಚಿಂತೆ ಇಲ್ಲ, ಕೈ ಚಾಚಬಹುದು, ಸೊಂಟ ತಿರುಗಿಸಬಹುದು, ಕಣ್ಣು ಮುಚ್ಚಿ ಯಾವ ಹಿಂಗಾಲು ಏಳುತ್ತಿದೆ ಅಂತ ಕೂತಲ್ಲೇ ಊಹಿಸಬಹುದು. ಆದರೆ ಜೊತೆಗೆ ಜನ ಬೇಕು. ಸುತ್ತು ತೀರಾ ಸಣ್ಣದಾದರೆ ಕುದುರೆಯ ಕೀಲುಗಳಿಗೆ ಕಷ್ಟ.

ನೋಟಿನ ಆಟಕ್ಕೆ ಖರ್ಚು 10 ರೂಪಾಯಿ, ಅದೂ ವಾಪಸ್! ತೊಡೆ ಕೆಳಗೆ ನೋಟು ಇಟ್ಟು ಬೀಳದ ಹಾಗೆ ಸವಾರಿ ಮಾಡಬೇಕು. ಗೆಳೆಯರಿದ್ದರೆ ಮಜಾ ಜಾಸ್ತಿ. ಆದರೆ ನೋಟು ಉಳಿಸೋ ಹಟದಲ್ಲಿ ಮೊಣಕಾಲು ಬಿಗಿ ಹಿಡಿಯುತ್ತೀರಿ, ಮೈ ಮೇಲಕ್ಕೆ ಏಳುತ್ತದೆ, ಕುದುರೆ ಓಡು ಅಂದರು ಅಂತ ತಿಳಿದುಕೊಳ್ಳುತ್ತದೆ. ಹೊಸಬರಿಗೆ ಬೇಡ.

ಲಿಂಬು-ಚಮಚ ಶಾಲೆಯ ಆಟವೇ, ಕುದುರೆ ಮೇಲೆ ಅಷ್ಟೇ. ಚಮಚ ಒಂದು ಕೈಯಲ್ಲಿ ಇರೋದರಿಂದ ಇನ್ನೊಂದೇ ಕೈಯಲ್ಲಿ ಲಗಾಮು ಹಿಡಿಯೋದು ಬರುತ್ತದೆ. ಶಾಂತ ಕುದುರೆ ಇದ್ದು, ಮಕ್ಕಳೂ ಸೇರಿದರೆ ಇದೇ ಸರಿ, ಬರೀ ನಡಿಗೆಯಲ್ಲಿ.

ಇನ್ನು ನೆಲ. ಕಲಬುರಗಿಯ ಎರೆ ಹೊಲ ಬೇಸಿಗೆಯಲ್ಲಿ ಬಿರುಕು, ಮಳೆಯಲ್ಲಿ ಅಂಟು. ಬೀದರಿನ ಜಂಬಿಟ್ಟಿಗೆ ನೆಲ ಬಿದ್ದರೆ ಕಲ್ಲೇ. ಮರಳು ಹಾಸಿದ ಜಾಗ ಸಿಕ್ಕರೆ ಹಗ್ಗ, ಇಲ್ಲದಿದ್ದರೆ ಲಿಂಬು. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಬೆವರಿದ ಬೆನ್ನು ಜಾರುತ್ತದೆ, ಯಾವ ಆಟವಾದರೂ ಬೆಳಿಗ್ಗೆಯೇ ಮುಗಿಸಿ.