ದವಡೆ ಕೀಲಿನ ನೋವು: ಕ್ಲಿನಿಕ್, ಕಾಲೇಜು, ವಿಮೆ, ಕಾರ್ಡ್‌ಗಳಲ್ಲಿ ಯಾವುದು ಕೈ ಹಿಡಿಯಿತು

ದವಡೆ ಕೀಲಿನ ತೊಂದರೆಗೆ ಖರ್ಚು ಒಮ್ಮೆಲೇ ದೊಡ್ಡದಾಗಿ ಬರುವುದಿಲ್ಲ. ಇವತ್ತು ಎಕ್ಸ್‌ರೇ, ನಾಳೆ ಗುಳಿಗೆ, ಮುಂದಿನ ವಾರ ಸ್ಪ್ಲಿಂಟ್ (ಹಲ್ಲಿನ ಮೇಲೆ ಕೂರಿಸಿಕೊಳ್ಳುವ ಅಚ್ಚು), ಆಮೇಲೆ ಸ್ಕ್ಯಾನ್ ಎಂದು ಚೀಟಿ ಚೀಟಿಯಾಗಿ ಬರುತ್ತದೆ. ಈ ಚೀಟಿಗಳನ್ನು ಆರೋಗ್ಯ ವಿಮೆ ಸಾಮಾನ್ಯವಾಗಿ ಮುಟ್ಟುವುದೇ ಇಲ್ಲ. ಬೆಳಗಾವಿಯ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಪಾಠ ಹೇಳುವ ನನಗೆ ಬಾಯಿಯೇ ಬಂಡವಾಳ. ಹೀಗಾಗಿ ಖಾಸಗಿ ಕ್ಲಿನಿಕ್, ದಂತ ವೈದ್ಯಕೀಯ ಕಾಲೇಜು, ಫಿಸಿಯೋಥೆರಪಿ ಮೂರನ್ನೂ ನೋಡಿದೆ. ಹಣಕ್ಕಾಗಿ ಸ್ವಂತ ಪಾಲಿಸಿ, ಹೊರರೋಗಿ ವಿಮೆ (ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಚಿಕಿತ್ಸೆಗೆ), ಸರ್ಕಾರಿ ಕಾರ್ಡ್‌ಗಳ ಬಾಗಿಲು ತಟ್ಟಿದೆ. ಇದೇ ನೋವಿದ್ದ ನನ್ನ ತಮ್ಮ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ದಾರಿ ಹಿಡಿದ. ಈ ದಾರಿಗಳಲ್ಲಿ ಯಾವುದು ಎಲ್ಲಿಗೆ ಮುಟ್ಟಿಸಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದರೆ ಅಲುಗಾಡುವುದೇ ಆ ಕೀಲು. ಎರಡು ಮೂಳೆಗಳ ನಡುವೆ ಒಂದು ಮೆತ್ತನೆಯ ಬಿಲ್ಲೆ ಇರುತ್ತದೆ. ಅದು ಜಾಗ ಬಿಟ್ಟು ಜಾರಿದಾಗ ಕಟಕ್ ಎನ್ನುತ್ತದೆ. ಅಗಿಯುವ ಸ್ನಾಯುಗಳು ಬಿಗಿದುಕೊಂಡಾಗ ಕೆನ್ನೆ, ಕಣತಲೆ, ಕಿವಿ ಎಲ್ಲ ನೋಯುತ್ತವೆ. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ನೋವು ಬೆಳಿಗ್ಗೆ ಹೆಚ್ಚು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು ಕಾಣಿಸಿಕೊಳ್ಳುತ್ತದೆ. ನೋವಿಲ್ಲದೆ ಬರೀ ಸದ್ದು ಬರುತ್ತಿದ್ದರೆ, ಬಾಯಿ ಸರಿಯಾಗಿ ತೆರೆಯುತ್ತಿದ್ದರೆ, ಅದಕ್ಕೆ ಚಿಕಿತ್ಸೆಯೇ ಬೇಕಾಗಿಲ್ಲ. ಇದನ್ನು ತಿಳಿಯದೆ ಸದ್ದಿನ ಭಯಕ್ಕೇ ಸಾವಿರಾರು ರೂಪಾಯಿ ಕಳೆದವರನ್ನು ನಾನು ಕಂಡಿದ್ದೇನೆ.

ಮೊದಲು ಕ್ಲಿನಿಕ್. ಮನೆಗೆ ಹತ್ತಿರ, ಸಂಜೆ ಶಾಲೆ ಬಿಟ್ಟ ಮೇಲೂ ತೆರೆದಿರುತ್ತದೆ, ಕಾಯುವುದು ಕಡಿಮೆ. ದವಡೆಯ ಪೂರ್ತಿ ಎಕ್ಸ್‌ರೇಗೆ 500 ರೂಪಾಯಿ ಕೊಟ್ಟೆ. ಹಲ್ಲಿನ ಅಳತೆ ತೆಗೆದು ಮಾಡುವ ಗಟ್ಟಿ ಅಕ್ರಿಲಿಕ್ ಸ್ಪ್ಲಿಂಟಿಗೆ 7,500 ಹೇಳಿದರು. ಅಲ್ಲಿಯವರೆಗೆ ನನ್ನ ತಕರಾರಿಲ್ಲ. ಲ್ಯಾಬ್ ಖರ್ಚು, ಬಾಡಿಗೆ ಎಲ್ಲ ಅವರಿಗೂ ಇರುತ್ತದೆ. ಆದರೆ ಜೊತೆಗೆ ಒಂದು ಪ್ಯಾಕೇಜ್ ಮುಂದಿಟ್ಟರು. ಮೊದಲು ಸ್ಪ್ಲಿಂಟ್, ನಂತರ ಕಚ್ಚುವಿಕೆ ಸರಿಹೋಗಲು ಕೆಲವು ಹಲ್ಲುಗಳನ್ನು ಯಂತ್ರದಿಂದ ಉಜ್ಜಿ ಸವೆಸುವುದು, ಅಗತ್ಯ ಬಿದ್ದರೆ ತಂತಿ ಹಾಕುವುದು, ಇಷ್ಟಕ್ಕೂ ತಿಂಗಳ ಕಂತು. ಉಜ್ಜಿದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಈ ತೊಂದರೆ ಹೆಚ್ಚಿನವರಲ್ಲಿ ಸರಳ ಉಪಚಾರದಿಂದಲೇ ತಗ್ಗುತ್ತದೆ. ಆದ್ದರಿಂದ ಹಿಂದಕ್ಕೆ ತಿರುಗಿಸಲಾಗದ ಚಿಕಿತ್ಸೆಗೆ ಕೈ ಹಾಕಬಾರದು ಎಂಬುದು ಈ ವಿಷಯದಲ್ಲಿ ಎಲ್ಲೆಡೆ ಒಪ್ಪಿರುವ ಮಾತು. ಕಂತಿನಲ್ಲಿ ಸಿಗುತ್ತದೆ ಎಂದು ಹಲ್ಲು ಉಜ್ಜಿಸಿಕೊಳ್ಳಲು ನಾನು ಸಿದ್ಧಳಿರಲಿಲ್ಲ. ಎಕ್ಸ್‌ರೇ ಇಸಿದುಕೊಂಡು ಹೊರಬಂದೆ. ಆ ಎಕ್ಸ್‌ರೇ ಕಾಲೇಜಿನಲ್ಲಿ ಉಪಯೋಗಕ್ಕೆ ಬಂತು. ದುಡ್ಡು ಕೊಟ್ಟು ತೆಗೆಸಿದ ಯಾವ ಚಿತ್ರವನ್ನೂ, ವರದಿಯನ್ನೂ ಕ್ಲಿನಿಕ್ಕಿನಲ್ಲಿ ಬಿಟ್ಟು ಬರಬೇಡಿ.

ಕಾಲೇಜಿನ ವಿಷಯದಲ್ಲಿ ನಮ್ಮ ಕಡೆಯವರು ನಿಜಕ್ಕೂ ಅದೃಷ್ಟವಂತರು. ಬೆಳಗಾವಿಯಲ್ಲೇ ಕೆಎಲ್‌ಇ ಸಂಸ್ಥೆಯದೊಂದು, ಮರಾಠಾ ಮಂಡಳದ್ದೊಂದು ದಂತ ಕಾಲೇಜು ಇವೆ. ಬಾಗಲಕೋಟೆಯಲ್ಲಿ ಬಿವಿವಿ ಸಂಘದ್ದಿದೆ, ವಿಜಯಪುರದಲ್ಲಿ ಅಲ್ ಅಮೀನ್ ಕಾಲೇಜಿದೆ. ಮೂರು ಜಿಲ್ಲೆಯವರೂ ಈ ನೋವಿಗಾಗಿ ಹುಬ್ಬಳ್ಳಿ, ಬೆಂಗಳೂರು ಎಂದು ಓಡಬೇಕಾಗಿಲ್ಲ. ಇಂಥ ಕಾಲೇಜುಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಣೆದುರು ಚಿಕಿತ್ಸೆ ಕೊಡುತ್ತಾರೆ. ಬಾಯಿ ಪರೀಕ್ಷೆಗೆ ಒಂದು ವಿಭಾಗ, ಸ್ಪ್ಲಿಂಟ್ ಮಾಡಲು ಇನ್ನೊಂದು, ಶಸ್ತ್ರಚಿಕಿತ್ಸೆಗೆ ಮತ್ತೊಂದು. ಒಂದು ವಿಭಾಗದವರು ಹೇಳಿದ್ದನ್ನು ಇನ್ನೊಂದು ವಿಭಾಗದವರು ತಾವೂ ನೋಡಿ ಒರೆಗೆ ಹಚ್ಚುತ್ತಾರೆ. ರೋಗಿಗೆ ಇದು ದೊಡ್ಡ ರಕ್ಷಣೆ.

ನಾನು ಹೋದಲ್ಲಿ ಮೊದಲು ಕೇಳಿದ್ದು ಅಡಿಕೆ, ಗುಟ್ಕಾ ಚಟವಿದೆಯೇ ಎಂದು. ಅಡಿಕೆಯಿಂದ ಬಾಯೊಳಗಿನ ಪದರ ಬಿಗಿದು ಗಡುಸಾದರೂ ಬಾಯಿ ತೆರೆಯುವುದು ಕಷ್ಟವಾಗುತ್ತದೆ. ಅದು ಬೇರೆಯೇ ರೋಗ, ಕ್ಯಾನ್ಸರಿಗೆ ತಿರುಗಬಹುದಾದದ್ದು. ಆ ಭೇದ ಮೊದಲು ತಿಳಿಯಬೇಕು. ಆಮೇಲೆ ಅಳತೆಪಟ್ಟಿ ಹಿಡಿದು ಬಾಯಿ ಎಷ್ಟು ತೆರೆಯುತ್ತದೆ ಎಂದು ನೋಡಿದರು. ಸುಮಾರು 40 ಮಿಲಿಮೀಟರ್, ಅಂದರೆ ತಮ್ಮದೇ ಮೂರು ಬೆರಳು ನಿಲ್ಲಿಸಿ ಹಿಡಿಸುವಷ್ಟು ತೆರೆದರೆ ಸರಿ. ಹಲ್ಲು ಉಜ್ಜುವ ಮಾತು ಯಾರ ಬಾಯಲ್ಲೂ ಬರಲಿಲ್ಲ. ಅದೇ ಗಟ್ಟಿ ಅಕ್ರಿಲಿಕ್ ಸ್ಪ್ಲಿಂಟಿಗೆ ಅಲ್ಲಿ ಕೊಟ್ಟದ್ದು 1,800 ರೂಪಾಯಿ.

ಇಲ್ಲಿ ತೆರಬೇಕಾದದ್ದು ಸಮಯ. ಬೆಳಿಗ್ಗೆ ಚೀಟಿ ಮಾಡಿಸಿ ಕೂತರೆ ಮಧ್ಯಾಹ್ನದವರೆಗೂ ಆಗಬಹುದು. ಅಳತೆಗೆ ಒಂದು ದಿನ, ಕೊಡಲು ಒಂದು ದಿನ, ಉಬ್ಬುತಗ್ಗು ಸರಿಪಡಿಸಲು ಮತ್ತೆ ಬನ್ನಿ ಎನ್ನುತ್ತಾರೆ. ದಿನಗೂಲಿಯವರಿಗೆ ಈ ಅಲೆದಾಟದಲ್ಲಿ ಹೋಗುವ ಕೂಲಿಯೂ ಖರ್ಚೇ, ಅದನ್ನು ಲೆಕ್ಕಕ್ಕೆ ಹಿಡಿಯಬೇಕು. ಆದರೂ ನನ್ನ ಒಲವು ಕಾಲೇಜಿನ ಕಡೆಗೇ. ಅಲ್ಲಿನ ತಜ್ಞರಿಗೆ ನನ್ನ ಬಾಯಲ್ಲಿ ಹೆಚ್ಚು ಕೆಲಸ ಹುಡುಕುವ ಒತ್ತಡವಿರಲಿಲ್ಲ. ನಾಲ್ಕು ಪ್ರಶ್ನೆ ಕೇಳಿದರೆ ನಾಲ್ಕಕ್ಕೂ ಉತ್ತರ ಸಿಕ್ಕಿತು.

ಫಿಸಿಯೋಥೆರಪಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಏಕೆಂದರೆ ಇಡೀ ಹೋಲಿಕೆಯಲ್ಲಿ ಅತಿ ಕಡಿಮೆ ಹಣಕ್ಕೆ ಅತಿ ಹೆಚ್ಚು ಆರಾಮ ಕೊಟ್ಟದ್ದು ಅದೇ. ಒಂದು ಸಲಕ್ಕೆ 350 ರೂಪಾಯಿ. ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಬಾಯಿ ನಿಧಾನ ತೆರೆಯುವುದು, ಕೆನ್ನೆಯ ಸ್ನಾಯು ತಿಕ್ಕುವುದು, ಕತ್ತಿನ ವ್ಯಾಯಾಮ ಕಲಿಸಿದರು. ಕಲಿತ ಮೇಲೆ ಮನೆಯಲ್ಲೇ ನಡೆಯಿತು. ಜೊತೆಗೆ ಬಿಸಿನೀರಿನ ಶಾಖ. ತಿನ್ನುವುದರಲ್ಲಿ ಖಡಕ್ ರೊಟ್ಟಿ ಬಿಟ್ಟು ಬಿಸಿ ಮೆತ್ತನೆಯ ರೊಟ್ಟಿ, ಜೋಳದ ನುಚ್ಚು, ಮಜ್ಜಿಗೆ. ಇದಕ್ಕೆ ಯಾವ ವಿಮೆಯೂ ಬೇಡ.

ಇನ್ನು ವಿಮೆ. ನನ್ನ ಪಾಲಿಸಿಯ ಕಂಪನಿಗೆ ಸ್ಪ್ಲಿಂಟ್, ಫಿಸಿಯೋಥೆರಪಿಯ ಬಿಲ್ಲುಗಳನ್ನೂ, ಆಮೇಲೆ ಮಾಡಿಸಿದ ಎಂಆರ್‌ಐನ 7,000 ರೂಪಾಯಿ ಬಿಲ್ಲನ್ನೂ ಕಳಿಸಿದೆ. ಒಳರೋಗಿಯಾಗಿ ದಾಖಲಾಗಿಲ್ಲ ಎಂದು ಎಲ್ಲವೂ ತಿರಸ್ಕೃತವಾದವು. ಪಾಲಿಸಿ ತೆಗೆದು ಓದಿದರೆ ಹಾಗೆಯೇ ಬರೆದಿದೆ. 2020ರಲ್ಲಿ ಆರೋಗ್ಯ ವಿಮಾ ಕಂಪನಿಗಳೆಲ್ಲ ತಂದ ‘ಆರೋಗ್ಯ ಸಂಜೀವನಿ’ ಎಂಬ ಏಕರೂಪದ ಪಾಲಿಸಿಯನ್ನೇ ನೋಡಿ. ರೋಗದಿಂದಲೋ ಗಾಯದಿಂದಲೋ ಅಗತ್ಯವಾದ ದಂತ ಚಿಕಿತ್ಸೆ ಅದರಲ್ಲಿ ಸೇರಿದೆ, ಒಂದು ದಿನದೊಳಗೆ ಮುಗಿಸಿ ಮನೆಗೆ ಕಳಿಸುವ ಡೇ ಕೇರ್ ಚಿಕಿತ್ಸೆಗಳೂ ಸೇರಿವೆ. ಆದರೆ ಎಲ್ಲದಕ್ಕೂ ಆಸ್ಪತ್ರೆಯೇ ಆಧಾರ. ಡೇ ಕೇರ್ ಎಂಬುದರ ವ್ಯಾಖ್ಯೆಯಲ್ಲೇ ಸಾಮಾನ್ಯವಾಗಿ ಹೊರರೋಗಿಯಾಗಿ ಪಡೆಯುವ ಚಿಕಿತ್ಸೆ ಇದರಲ್ಲಿ ಬಾರದು ಎಂದಿದೆ. ದವಡೆ ಕೀಲಿನ ಉಪಚಾರವೋ ಬಹುಪಾಲು ಹೊರರೋಗಿಯದೇ. ದಾಖಲಾತಿಗೆ ಮುಂಚಿನ 30 ದಿನ, ನಂತರದ 60 ದಿನದ ಖರ್ಚನ್ನು ಆ ಪಾಲಿಸಿ ಕೊಡುತ್ತದೆ ನಿಜ, ಆದರೆ ದಾಖಲಾತಿಯೇ ಇಲ್ಲದಿದ್ದರೆ ಎಂಆರ್‌ಐ ಬಿಲ್ಲಿಗೆ ಜಾಗವಿಲ್ಲ.

ಇಲ್ಲೇ ನಿಜವಾದ ಅಪಾಯವಿದೆ, ಈ ಬರಹ ಬರೆಯಲು ಕಾರಣವೂ ಅದೇ. ಕೀಲಿನೊಳಗೆ ಸೂಜಿ ಹಾಕಿ ಸಲೈನಿನಿಂದ ತೊಳೆಯುವ ಒಂದು ವಿಧಾನವಿದೆ. ಖಾಸಗಿಯಲ್ಲಿ ಅದಕ್ಕೆ 20,000 ರೂಪಾಯಿಯ ಸುತ್ತ ಅಂದಾಜು ಕೊಟ್ಟರು. ಆಗ ಪಾಲಿಸಿ ಮಾಡಿಸಿದ ಏಜೆಂಟರು ಹೇಳಿದರು: “ಟೀಚರ್, ಒಂದು ರಾತ್ರಿ ಅಡ್ಮಿಟ್ ಆಗಿಬಿಡಿ. ಸ್ಕ್ಯಾನಿನ ದುಡ್ಡೂ ಅದರಲ್ಲೇ ಬರುತ್ತದೆ.” ಅಂದರೆ 1,800 ರೂಪಾಯಿಯ ಸ್ಪ್ಲಿಂಟಿಗೆ ಕಾಸು ಕೊಡದ ವಿಮೆ, ಸೂಜಿ ಚುಚ್ಚಿಸಿಕೊಂಡರೆ ಎಲ್ಲವನ್ನೂ ಕೊಡುತ್ತದೆ. ಕಾಲೇಜಿನ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಕೇಳಿದಾಗ, ಬಾಯಿ ಸಿಕ್ಕಿಹಾಕಿಕೊಂಡು ತೆರೆಯದಿದ್ದರೆ, ಉಳಿದ ಉಪಚಾರ ಫಲಿಸದಿದ್ದರೆ ಮಾತ್ರ ಅದನ್ನು ಯೋಚಿಸೋಣ ಎಂದರು. ನನಗೆ ಎರಡೂ ಇರಲಿಲ್ಲ. ಅಗತ್ಯವಿಲ್ಲದ ದಾಖಲಾತಿ ತೋರಿಸಿ ಹಣ ಪಡೆಯುವುದು ವಂಚನೆ, ಸಿಕ್ಕಿಬಿದ್ದರೆ ಪಾಲಿಸಿಯೇ ರದ್ದಾಗಬಹುದು. ಅದಕ್ಕಿಂತ ಮುಖ್ಯವಾಗಿ, ವಿಮೆ ಹಣ ಕೊಡುತ್ತದೆ ಎಂಬ ಒಂದೇ ಕಾರಣಕ್ಕೆ ದೇಹದ ಮೇಲೆ ಏನನ್ನೂ ಮಾಡಿಸಿಕೊಳ್ಳಬಾರದು. ಹಣ ಯಾರದೇ ಆಗಲಿ, ದವಡೆ ನಮ್ಮದು.

ಹೊರರೋಗಿ ಖರ್ಚಿಗೆಂದು ಹೆಚ್ಚುವರಿ ವಿಮೆಯೂ ಬರುತ್ತದೆ. ನನ್ನ ಮುಂದಿಟ್ಟ ಲೆಕ್ಕ ಹೀಗಿತ್ತು: ವರ್ಷಕ್ಕೆ ಸುಮಾರು 4,000 ರೂಪಾಯಿ ಹೆಚ್ಚಿಗೆ ಕಟ್ಟಿದರೆ 5,000 ರೂಪಾಯಿವರೆಗೆ ಹೊರರೋಗಿ ಖರ್ಚು, ಅದರಲ್ಲೂ ಹಲ್ಲಿಗೆ ಒಳಮಿತಿ. ಆ ಲೆಕ್ಕದಲ್ಲಿ ಲಾಭ ಕಾಣಲಿಲ್ಲ. ಆ 4,000ವನ್ನು ಅಂಚೆ ಕಚೇರಿಯ ಆರ್‌ಡಿಗೆ ಹಾಕಿದ್ದೇನೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ. 18ರ ಜಿಎಸ್‌ಟಿ ತೆಗೆದುಹಾಕಿರುವುದರಿಂದ ಮೂಲ ಪಾಲಿಸಿಯನ್ನು ಮಾತ್ರ ಬಿಡದೆ ನವೀಕರಿಸಿದೆ. ಅದು ಹೃದಯ, ಅಪಘಾತಗಳಿಗೆ ಇರಲಿ. ದವಡೆಗಾಗಿ ಅದನ್ನು ನಂಬಿ ಕೂರುವಂತಿಲ್ಲ.

ತಮ್ಮನ ಇಎಸ್‌ಐ ಮಾತ್ರ ನನಗೆ ಹೊಟ್ಟೆಕಿಚ್ಚು ತರಿಸಿತು. ಅವನು ಉದ್ಯಮಬಾಗದ ಫೌಂಡ್ರಿಯೊಂದರಲ್ಲಿದ್ದಾನೆ, ಸಂಬಳ 18,000. ನೌಕರರ ಪಾಲು ಶೇ. 0.75, ಅಂದರೆ ತಿಂಗಳಿಗೆ 135 ರೂಪಾಯಿ ಕಡಿತ. ಮಾಲೀಕರು ಶೇ. 3.25 ಕಟ್ಟುತ್ತಾರೆ. ಹೊರರೋಗಿ ತಪಾಸಣೆ, ಔಷಧಿ ಎರಡೂ ಇಎಸ್‌ಐ ವ್ಯಾಪ್ತಿಯೊಳಗೇ ಇವೆ, ಕುಟುಂಬಕ್ಕೂ ಅನ್ವಯಿಸುತ್ತವೆ. ಬೆಳಗಾವಿಯಲ್ಲೇ ಇಎಸ್‌ಐ ಆಸ್ಪತ್ರೆ ಇದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ತಮ್ಮ ಸಂಬಳದ ಚೀಟಿಯಲ್ಲಿ ಈ ಕಡಿತವಿದೆಯೇ ಎಂದು ಇಂದೇ ನೋಡಿಕೊಳ್ಳಿ. ಕಟ್ಟುತ್ತಿದ್ದೂ ಬಳಸದೆ ಕ್ಲಿನಿಕ್ಕಿಗೆ ಸಾಲ ಮಾಡಿ ಕೊಡುವವರು ನಮ್ಮ ಕಾರ್ಖಾನೆಗಳಲ್ಲಿ ಬಹಳ ಮಂದಿ ಇದ್ದಾರೆ.

ಸರ್ಕಾರಿ ಕಾರ್ಡ್, ಅಂದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಕೊಡುತ್ತದೆ. ನನ್ನಂಥ ಎಪಿಎಲ್‌ನವರಿಗೆ ಆ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ದರದ ಶೇ. 30, ಮಿತಿ 1.5 ಲಕ್ಷ. ಇದೂ ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ. ಕೀಲು ಪೂರ್ತಿ ಅಂಟಿಕೊಂಡು ಬಾಯಿಯೇ ತೆರೆಯದವರಿಗೆ, ದವಡೆ ಮುರಿದವರಿಗೆ ಇದು ದೊಡ್ಡ ಆಸರೆ. ಸ್ಪ್ಲಿಂಟಿಗೆ ಅಲ್ಲ. ಬಿಪಿಎಲ್ ಕಾರ್ಡಿನವರು ಮೊದಲು ಜಿಲ್ಲಾ ಆಸ್ಪತ್ರೆಯ ದಂತ ವಿಭಾಗಕ್ಕೇ ಹೋಗುವುದು ಒಳ್ಳೆಯದು. ಮುಂದಿನ ಆಸ್ಪತ್ರೆಗೆ ಶಿಫಾರಸು ಪತ್ರ ಬೇಕಾದರೂ ಅಲ್ಲಿ ಕೇಳಬಹುದು.

ದಾಖಲಾಗಲೇಬೇಕಾದ ಸ್ಥಿತಿ ಬಂದರೆ ಕಾಗದಪತ್ರ ಗಟ್ಟಿಯಾಗಿರಲಿ. ವೈದ್ಯರ ಚೀಟಿಯಲ್ಲಿ ಬರೀ ಹಲ್ಲು ನೋವು ಎಂದಿರದೆ ದವಡೆ ಕೀಲಿನ ತೊಂದರೆ ಎಂದು ರೋಗದ ಹೆಸರು ಸ್ಪಷ್ಟವಾಗಿ ಇರಬೇಕು, ದಾಖಲಾತಿ ಏಕೆ ಬೇಕಾಯಿತು ಎಂಬ ಕಾರಣವೂ ಇರಬೇಕು. ವಿಮಾ ನಿಯಂತ್ರಣ ಪ್ರಾಧಿಕಾರದ ವ್ಯಾಖ್ಯೆಯ ಪ್ರಕಾರ ದಂತ ಚಿಕಿತ್ಸೆ ಎಂದರೆ ಹಲ್ಲುಗಳಿಗೆ ಅಥವಾ ಹಲ್ಲಿಗೆ ಆಧಾರವಾಗಿರುವ ಭಾಗಗಳಿಗೆ ಸಂಬಂಧಿಸಿದ್ದು. ಕೀಲು ಆ ಎರಡೂ ಅಲ್ಲ. ತಮ್ಮನ ಗೆಳೆಯನೊಬ್ಬ ಖಾನಾಪುರ ರಸ್ತೆಯಲ್ಲಿ ಬೈಕಿನಿಂದ ಬಿದ್ದು, ಕೀಲಿನ ಬಳಿ ದವಡೆ ಮುರಿದುಕೊಂಡು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಾಗ, ಇದು ದಂತ ಚಿಕಿತ್ಸೆ ಎಂದು ಅವನ ಕಂಪನಿ ಕ್ಲೇಮ್ ತಳ್ಳಿಹಾಕಿತು. ಕೂತು ಪತ್ರ ಬರೆಸಿದೆವು, ಆ ವ್ಯಾಖ್ಯೆಯನ್ನು ಹಾಗೆಯೇ ಎತ್ತಿ ಬರೆದೆವು. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ವಿಮಾ ದೂರುಗಳನ್ನು ಬಗೆಹರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗುತ್ತೇವೆ ಎಂದೂ ಸೇರಿಸಿದೆವು. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ದೂರು ಕೊಡಬೇಕು, ಅಷ್ಟೆ. ಒಂಬುಡ್ಸ್‌ಮನ್‌ವರೆಗೆ ಹೋಗುವ ಅಗತ್ಯ ಬೀಳಲಿಲ್ಲ. ಆಸ್ಪತ್ರೆಗೆ ಕಟ್ಟಿದ ಹಣ ಅವನ ಖಾತೆಗೆ ಬಂತು.